ಬಿಸಿನೀರಿನ ಊರಿನಲ್ಲಿ ಮಹಾದೇವಕ್ಕ

ಮಹಾದೇವಕ್ಕ ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಜೀಪಿಗೆ ಒರಗಿ, ಕೈಯಲ್ಲಿ ಚಹಾದ ಲೋಟ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ. ಎಬ್ಬಿಸಿದರೆ, "ಮಕ್ಕೊಂಡಿಲ್ಲೋ, ಕಣ್ಣಿಗೆ ರಜಾ ಕೊಟ್ಟೀನಿ" ಅನ್ನುವರು.

ಅವರು ಶಹಾಪುರದವರು, ನಾನು ಸುರಪುರದವನು. ನೆಲದ ಒಳಗನ್ನು ಸರ್ವೆ ಮಾಡುವ ನಮ್ಮ ತಂಡಕ್ಕೆ ಅವರೇ ಮುಖ್ಯಸ್ಥೆ. ಭೂಕಂಪವಾದ ಮೇಲೆ ಹಿಮಾಲಯದ ಒಂದು ಬಿಸಿನೀರಿನ ಬುಗ್ಗೆಯ ಊರಿಗೆ ನಮ್ಮನ್ನು ಕಳಿಸಿದ್ದರು. ಬುಗ್ಗೆ ಕೆಸರಾಗಿತ್ತು, ಜನ ತಾಡಪತ್ರಿಯ ಕೆಳಗಿದ್ದರು. ಕಬ್ಬಿಣದ ಹಲಗೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಯುವುದು, ಆ ಅದುರು ಆಳಕ್ಕಿಳಿದು ಮರಳಿ ಬರುವುದನ್ನು ಸಾಲಾಗಿ ನೆಟ್ಟ ಯಂತ್ರಗಳಲ್ಲಿ ಹಿಡಿಯುವುದು, ಕೆಲಸ ಇಷ್ಟೇ. ಒಂದು ಲಾರಿ ಹೋದರೂ, ಕುರಿ ಓಡಿದರೂ ಕೆಟ್ಟಿತು, ಮತ್ತೆ ಮೊದಲಿಂದ. ಕಾಯುವುದರಲ್ಲೇ ಸೊಂಟ ಬಿದ್ದುಹೋಗುತ್ತಿತ್ತು.

ಅಕ್ಕನ ಹಿಂದಿ ನಮ್ಮ ಕಡೆಯದು. ಬೇಡ ಅನ್ನಲು "ನಕ್ಕೋ" ಅನ್ನುವರು. ಸುತ್ತಿಗೆ ಹೊಡೆಯುವಾಗ ನಡೆದಾಡಬೇಡಿ ಅನ್ನಲು "ನಕ್ಕೋ ಚಲೋ!" ಎಂದು ಕೂಗಿದರೆ ಗುಡ್ಡದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬುಗ್ಗೆಯ ಪಕ್ಕ ಚಹಾದಂಗಡಿ ಇಟ್ಟಿದ್ದ ವಿಧವೆಯೊಬ್ಬಳ ಮನೆ ಬಿದ್ದಿತ್ತು. ಬಿದ್ದ ಕಲ್ಲುಗಳನ್ನೇ ಆರಿಸಿ, ಮತ್ತೆ ಕಟ್ಟಲು ಜೋಡಿಸಿಟ್ಟಿದ್ದಳು. ನಮ್ಮ ಸರ್ವೆಯಲ್ಲಿ ಕಂಡದ್ದೇ ಬೇರೆ. ಬಿಸಿನೀರು ಏರಿ ಬರುವ ಬಿರುಕು ಅವಳ ಜಾಗದ ಕೆಳಗೇ ಹಾದಿತ್ತು. ಮೇಲಿನ ಮಣ್ಣು ನೀರು ಕುಡಿದು ಸಡಿಲಾಗಿತ್ತು.

"ಸರ್ಕಾರದವರು ಹೇಳ್ತಾರ ಬಿಡ್ರಿ, ಅಕ್ಕಾ" ಅಂದೆ.

"ಅವರು ಹೇಳೂದ್ರಾಗ ಆಕಿ ಗ್ವಾಡಿ ಎದ್ದಿರ್ತದ. ನಡಿ."

"ಯಾಂ ಘರ್ ನಕ್ಕೋ ಬಾಂಧೋ, ಅಮ್ಮಾ" ಎಂದರು ಅಕ್ಕ, ಆ ವಿಧವೆಯ ಹತ್ತಿರ ಹೋಗಿ, ಇಲ್ಲಿ ಮನೆ ಕಟ್ಟಬೇಡ ಅಂತ. ಅವತ್ತು ಯಾರೂ ನಗಲಿಲ್ಲ.

"ಮತ್ತೆಲ್ಲಿ ಕಟ್ಟಲಿ? ನನಗಿರುವುದೇ ಈ ತುಂಡು ನೆಲ" ಎಂದಳು ಆಕೆ.

ಅಕ್ಕ ಎದ್ದು ಬರಲಿಲ್ಲ. ಹೊತ್ತು ಮುಳುಗುವವರೆಗೆ ಆ ಕಲ್ಲುಗಳ ಮೇಲೆ ಆಕೆಯ ಪಕ್ಕದಲ್ಲೇ ಕೂತರು. ಕಟ್ಟಲೇಬೇಕೆಂದರೆ ಕಲ್ಲು ಬೇಡ, ತಗಡು ಹಾಕು, ಬಿದ್ದರೂ ಜೀವ ಉಳಿದೀತು ಎಂದು ಹೇಳಿ ಎದ್ದರು.

ಜೀಪಿನಲ್ಲಿ ನನಗಂದರು: "ನೆಲದಾಗ ಏನೈತಿ ಅಂತ ಹೇಳಾಕ ಬರ್ತದ. ಎಲ್ಲಿ ಇರು ಅಂತ ಹೇಳಾಕ ಬರೂದಿಲ್ಲ. ಸಾಕಾಗೇದಪ್ಪಾ."

ಅಕ್ಕ ನಿವೃತ್ತರಾಗಿ ಶಹಾಪುರದಲ್ಲಿ ಜಡ್ಡಾಗಿ ಮಲಗಿದ್ದಾಗ ನೋಡಲು ಹೋಗಿದ್ದೆ. ನಾನು ಆ ಬುಗ್ಗೆಯ ಊರಿಗೆ ಮತ್ತೊಮ್ಮೆ ಹೋಗಿ ಬಂದದ್ದು ಅವರಿಗೆ ಗೊತ್ತಿತ್ತು.

"ಆಕಿ ಅಲ್ಲೇ ಕಟ್ಟಿದಳೇನು?"

"ಹೌದ್ರಿ. ತಗಡಿಂದು."

"ಅಲ್ಲೇ ಕಟ್ಟಿದಳು" ಎಂದರು. ಸಮಾಧಾನವೋ ಸಂಕಟವೋ ತಿಳಿಯಲಿಲ್ಲ.

ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ಈಗ ತಂಡ ನನ್ನ ಕೈಯಲ್ಲಿದೆ. ಇಲ್ಲಿ ಕಟ್ಟಬೇಡಿ ಅನ್ನುವಂಥ ಮಾತು ಹೇಳಬೇಕಾಗಿ ಬಂದಾಗ ನಾನೇ ಹೋಗುತ್ತೇನೆ. ಹೇಳಿದ ಮೇಲೆ ಅವರ ಪಕ್ಕದಿಂದ ಬೇಗ ಏಳಲಾಗುವುದಿಲ್ಲ.