ಹುತ್ತ ಬಿಟ್ಟು ಕಟ್ಟಿದ ಜಗಲಿ

ಕಳೆದ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಿನ ಹಲಗೆ ಜಗಲಿ ಮುರಿದು ಬಿತ್ತು. ಆಗ ಅದರ ಮೇಲಿದ್ದದ್ದು ಒಂದು ಬಕೆಟ್ ಒದ್ದೆ ಬಟ್ಟೆ ಮಾತ್ರ. ಯಾರಿಗೂ ಪೆಟ್ಟಾಗಲಿಲ್ಲ.

ಮನೆ ಇರುವುದು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಒಳಗೆ, ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ನೌಕರರು ಸೈಟು ಕೊಂಡು ಮನೆ ಕಟ್ಟಿಕೊಂಡ ಬಡಾವಣೆಯಲ್ಲಿ. ಯಂತ್ರಗಳು ತುಂಬಿ ಬರುತ್ತಿದ್ದ ದೊಡ್ಡ ಪೆಟ್ಟಿಗೆಗಳ ಹಲಗೆಯನ್ನು ಕಾರ್ಖಾನೆಯವರು ಹರಾಜು ಹಾಕುತ್ತಿದ್ದರು. ಬಡಾವಣೆಯ ಅರ್ಧದಷ್ಟು ಮಂಚ, ಕಪಾಟುಗಳು ಆ ಹಲಗೆಯವೇ. ಅಪ್ಪ ನಿವೃತ್ತರಾದ ವರ್ಷ ಅದರಲ್ಲಿ ಜಗಲಿ ಮಾಡಿಸಿದ್ದರು. ಅಪ್ಪ ಈಗಿಲ್ಲ.

ಜಗಲಿ ತುರ್ತಾಗಿ ಬೇಕಾಗಿದ್ದದ್ದು ಅಮ್ಮನಿಗೆ. ಅವಳ ಎಡ ಮಂಡಿಗೆ ಆಪರೇಷನ್ ಆಗಿತ್ತು. ದಿನಾ ಸಮತಟ್ಟಾದ ಜಾಗದಲ್ಲಿ ನಡೆಯದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ, ಆಮೇಲೆ ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆ ಮುಂದಿನ ಫುಟ್‌ಪಾತ್ ಅಗೆದು ಬಿಟ್ಟಿದ್ದರು, ಉಳಿದ ಜಾಗದಲ್ಲಿ ಸ್ಕೂಟರ್‌ಗಳು ಹೋಗುತ್ತಿದ್ದವು. ಮನೆಯೊಳಗೆ ನಡೆಯೋಣವೆಂದರೆ ಮಂಚ, ಕಪಾಟುಗಳು ಅಡ್ಡ.

ಶಿವಾಜಿನಗರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವರು ಹಳೆಯ ಹಲಗೆಗಳನ್ನು ಎತ್ತಿದಾಗ ಅಡಿಯಲ್ಲಿ ಮೊಣಕಾಲೆತ್ತರದ ಹುತ್ತವಿತ್ತು. ಜಗಲಿಯನ್ನು ತಿಂದ ಗೆದ್ದಲು ಅಲ್ಲೇ ಕಟ್ಟಿಕೊಂಡಿತ್ತು. ಮೇಸ್ತ್ರಿ ಹಾರೆ ಎತ್ತಿದರು. ಅಡುಗೆಮನೆ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ಅಮ್ಮ, ಕೈ ಹಾಕಬೇಡಿ ಎಂದಳು.

ಇದು ಬರೀ ಗೆದ್ದಲು, ಹಾವಿಲ್ಲ ಎಂದು ನಾನು ವಿವರಿಸಿದೆ.

"ಇವತ್ತಿಲ್ಲ ಅಂದ್ರೆ ನಾಳೆ ಬರಲ್ಲ ಅಂತ ಏನು?" ಎಂದಳು ಅಮ್ಮ.

ಮೇಸ್ತ್ರಿ ಹಾರೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು. "ಹಾವು ಬರ್ಲಿ ಅಂತ ಜಾಗ ಬಿಟ್ಟು ಕಟ್ಟಿಸ್ತಿರೋ ಮೊದಲ್ನೇ ಪಾರ್ಟಿ ನೀವೇ ಮೇಡಂ."

ಸಂಜೆಯೊಳಗೆ ಹುತ್ತಕ್ಕೆ ಅರಿಸಿನ, ಕುಂಕುಮ ಬಿದ್ದಿತ್ತು. ಪಕ್ಕದ ಮನೆಯಾಕೆ ಹಿಂದಿನ ಗೇಟಿನಿಂದ ಲೋಟದಲ್ಲಿ ಹಾಲು ತಂದರು. ಜಗಲಿ ತಿಂದವರಿಗೆ ಹಾಲೆರೆದದ್ದಾಯಿತು. ಗೆದ್ದಲಿನ ಔಷಧಿ ಹೊಡೆಯುವವನಿಗೆ ಬರಬೇಡಿ ಎಂದು ನಾನೇ ಫೋನ್ ಮಾಡಿದೆ.

ಹೊಸ ಜಗಲಿಗೆ ಕಬ್ಬಿಣದ ಚೌಕಟ್ಟು, ಸಿಮೆಂಟ್ ಹಲಗೆ ಹಾಕಿಸಿದೆವು. ಅಡುಗೆಮನೆಯ ಹೊಸ್ತಿಲ ಮಟ್ಟಕ್ಕೇ ಬಂತು, ಮೆಟ್ಟಿಲು ಬೇಕಾಗಲಿಲ್ಲ. ಹುತ್ತವಿದ್ದಲ್ಲಿ ಮೇಸ್ತ್ರಿ ಹಲಗೆಯನ್ನು ದುಂಡಗೆ ಕತ್ತರಿಸಿ ಜಾಗ ಬಿಟ್ಟರು. ಮಳೆನೀರು ನಿಲ್ಲದಂತೆ ಸುತ್ತ ಮಣ್ಣು ಏರಿಸಿ ಜಲ್ಲಿ ಹರಡಿ, ಕಾಂಪೌಂಡ್ ಉದ್ದಕ್ಕೂ ದಾಸವಾಳ ನೆಟ್ಟೆವು.

ಅಮ್ಮ ಬೆಳಿಗ್ಗೆ ಸಂಜೆ ನಡೆಯತೊಡಗಿದಳು. ನಡೆದದ್ದು ಹುತ್ತದ ಸುತ್ತ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಮೊದಲು ಮೆಚ್ಚಿಕೊಂಡಳು. ಇಂಥ ಪೇಷಂಟು ಇಂದಿರಾನಗರದಲ್ಲೂ ಇಲ್ಲವಂತೆ. ಎರಡನೇ ವಾರ ಜಗಲಿಯ ಅಂಚಿನಲ್ಲಿ ಕೂತು ನೋಡಿದವಳು, ಅಮ್ಮ ಒಂದೇ ದಿಕ್ಕಿಗೆ ತಿರುಗುತ್ತಿದ್ದಾಳೆ ಎಂದು ಗಮನಿಸಿದಳು. ಹೀಗಾದರೆ ಎಡಗಾಲಿನ ಮೇಲೆ ಭಾರ ಹಾಕುವುದು ಸರಿಯಾಗಿ ಅಭ್ಯಾಸವಾಗುವುದಿಲ್ಲ ಎಂದಳು.

"ಆಂಟಿ, ಅರ್ಧ ಹೊತ್ತು ಈ ಕಡೆ, ಅರ್ಧ ಹೊತ್ತು ಆ ಕಡೆ. ಅಷ್ಟೇ."

"ಎಡಕ್ಕೆ ಸುತ್ತೋದು ಸ್ಮಶಾನದಲ್ಲಮ್ಮ," ಎಂದಳು ಅಮ್ಮ.

ಹುಡುಗಿ ನನ್ನ ಮುಖ ನೋಡಿದಳು. ದೇವಸ್ಥಾನದಲ್ಲಿ ತಾನೂ ಎಡಕ್ಕೆ ಸುತ್ತಿದವಳಲ್ಲವಂತೆ. ಆದರೆ ಮುಂದಿನ ತಪಾಸಣೆಯಲ್ಲಿ ಮಂಡಿ ಇಷ್ಟೇ ಬಗ್ಗಿದರೆ ಡಾಕ್ಟರು ಮತ್ತೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ ಎಂದು ಗೇಟಿನ ಹತ್ತಿರ ನನಗೆ ಹೇಳಿ ಹೋದಳು.

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಜಗಲಿಯಾಚೆ ಕರಿಬೇವಿನ ಗಿಡವೊಂದಿತ್ತು. ಹಲಗೆಯನ್ನು ಅಲ್ಲಿಯವರೆಗೆ ಚಾಚಿ, ಗಿಡಕ್ಕೂ ಒಂದು ದುಂಡು ಬಿಡಿಸಿದೆ. ಹುತ್ತವನ್ನು ಬಲಕ್ಕೆ ಸುತ್ತುವುದು, ಕರಿಬೇವನ್ನು ಎಡಕ್ಕೆ. ಕರಿಬೇವು ಒಗ್ಗರಣೆಯ ಸೊಪ್ಪು, ಅದಕ್ಕೆ ದಿಕ್ಕಿನ ಕಟ್ಟುಪಾಡಿಲ್ಲ ಎಂದು ಅಮ್ಮ ಒಪ್ಪಿದಳು. ಹುಡುಗಿಯೂ ಒಪ್ಪಿದಳು. ದೀಪಾವಳಿಯ ಹೊತ್ತಿಗೆ ವಾಕರ್ ಹೋಗಿ ಕೋಲು ಬಂತು. ಸಂಕ್ರಾಂತಿಗೆ ಮಂಡಿ ಮೊದಲಿಗಿಂತ ಚೆನ್ನಾಗಿ ಬಗ್ಗುತ್ತಿತ್ತು. ಇನ್ನೂ ಕೆಲವು ತಿಂಗಳು ಎರಡೂ ಕಡೆ ತಿರುಗುವುದನ್ನು ಬಿಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಶುಕ್ರವಾರಗಳಂದು ಹುತ್ತಕ್ಕೆ ಹಾಲೆರೆಯಲು ಹಿಂದಿನ ಗೇಟಿನಿಂದ ಬರುವ ಹೆಂಗಸರು ಈಗ ಹೆಚ್ಚಾಗಿದ್ದಾರೆ. ಅಮ್ಮ ದಿನಾ ಎರಡನ್ನೂ ಸುತ್ತುವುದನ್ನು ಅವರು ನೋಡಿದ್ದಾರೆ. ಕಳೆದ ಶುಕ್ರವಾರ ಕರಿಬೇವಿನ ಬುಡದಲ್ಲಿ ಅರಿಸಿನ, ಕುಂಕುಮ, ಎರಡು ಬಾಳೆಹಣ್ಣು ಇದ್ದವು. ಯಾರು ಇಟ್ಟರೆಂದು ಗೊತ್ತಾಗಲಿಲ್ಲ.

ಶನಿವಾರದಿಂದ ಅಮ್ಮ ಕರಿಬೇವನ್ನೂ ಬಲಕ್ಕೇ ಸುತ್ತುತ್ತಿದ್ದಾಳೆ.