ಸ್ಟುಡಿಯೋ ಚಾಚಾನ ಖಾಲಿ ಫೋಲ್ಡರ್

ಕಳೆದ ತಿಂಗಳು ಒಂದು ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗಿನ ಧೂಳಿನ ಜೊತೆ ಲೋಬಾನದ ವಾಸನೆ ಮೂಗಿಗೆ ಬಡಿಯಿತು. ಸ್ಕ್ರೂಡ್ರೈವರ್ ಕೈಯಲ್ಲೇ ಉಳಿಯಿತು… ಗಂಗಾವತಿಯ ಫೋಟೋ ಸ್ಟುಡಿಯೋದಲ್ಲಿ ಚಾಚಾ ದಿನಾ ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಕೆಂಡಕ್ಕೆ ಲೋಬಾನ ಹಾಕಿ, ಹೊಗೆಯನ್ನು ಮೊದಲು ಕ್ಯಾಮೆರಾಕ್ಕೆ, ಆಮೇಲೆ ಕಂಪ್ಯೂಟರಿಗೆ ಹಿಡಿಯುತ್ತಿದ್ದರು. "ಚಾಚಾ, ಮಷೀನಿಗೆ ಕೆಮ್ಮು ಬರತೈತಿ" ಎಂದು ನಾನು ಕಾಡಿಸಿದರೆ, "ಬರ್ಲಿ ಬೇಟಿ, ನಿನಗಿಂತ ಕಮ್ಮಿ ಬಾಯಿ ಮಾಡತೈತಿ" ಎನ್ನುತ್ತಿದ್ದರು.

ಮದುವೆಗೆ ಮೊದಲು ಎರಡು ವರ್ಷ ನಾನು ಅವರ ಬಳಿ ಫೋಟೋ ಎಡಿಟಿಂಗ್ ಕೆಲಸಕ್ಕಿದ್ದೆ. ಚಾಚಾ ತೀರಿಕೊಂಡ ಮೇಲೆ ಚಾಚಿ ಈ ಕಂಪ್ಯೂಟರನ್ನು ಇರಕಲ್ಲಗಡದ ನನ್ನ ಝೆರಾಕ್ಸ್ ಅಂಗಡಿಗೆ ಕಳಿಸಿಕೊಟ್ಟಿದ್ದರು. ಧೂಳು ಒರೆಸಿ, ಚಾಲೂ ಮಾಡಿ, ಹಳೆಯದನ್ನೆಲ್ಲ ಅಳಿಸುತ್ತ ಹೋದೆ. ಕೊನೆಗೆ ಒಂದೇ ಒಂದು ಫೋಲ್ಡರ್ ಉಳಿಯಿತು. ಒಳಗೆ ಏನೂ ಇಲ್ಲ, ಗಾತ್ರ ಸೊನ್ನೆ. ಅಳಿಸಲು ಹೋದರೆ ಮಾತ್ರ 'ನಿಮಗೆ ಅನುಮತಿ ಇಲ್ಲ' ಎಂಬ ಪೆಟ್ಟಿಗೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಬಂದ್ ಮಾಡಿ ಚಾಲೂ ಮಾಡಿದೆ. ವೈರಸ್ ಇರಬೇಕೆಂದು ಹುಡುಕಿಸಿದೆ. ಕಪ್ಪು ಪರದೆ ತೆರೆದು ಕಮಾಂಡ್ ಹೊಡೆದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ನನಗೋ ಮೊದಲೇ ಹಠ. ಅದರ ಹೆಸರು 'ಸಾಣಾಪುರ ಕೂಸು'. ಆ ಹೆಸರನ್ನು ನೋಡಿಯೂ ನೋಡದವಳಂತೆ ಅಳಿಸಲು ಹೊರಟಿದ್ದೆ, ನಿಜ ಹೇಳಬೇಕಲ್ಲ.

ಚಾಚಾ ರೀಲಿನ ಕಾಲದವರು. ನೆಗೆಟಿವ್ ಎಂದರೆ ಒಂದೇ ಒಂದು. ಅದನ್ನು ಈ ಲಕೋಟೆಯಿಂದ ತೆಗೆದು ಆ ಲಕೋಟೆಗೆ ಹಾಕುವುದು ಅವರ ಕೈಗೆ ಕೂತುಬಿಟ್ಟಿತ್ತು. ಕಂಪ್ಯೂಟರಿನಲ್ಲೂ ಅವರು ಕಾಪಿ ಮಾಡುತ್ತಿರಲಿಲ್ಲ, ಕಟ್ ಮಾಡಿ ಸಾಗಿಸುತ್ತಿದ್ದರು. "ಒಂದ ಫೋಟೋ ಎರಡು ಜಾಗಾದಾಗ ಯಾಕ ಇರಬೇಕು?" ಎಂದು ನನ್ನನ್ನೇ ಕೇಳುತ್ತಿದ್ದರು. ಡಿಸ್ಕ್ ಚಿಕ್ಕದು, ಮದುವೆಗಳು ಸಾಲು ಸಾಲು. ಹಾಗಾಗಿ ಪ್ರತಿ ಶನಿವಾರ ಪಾಸ್‌ಪೋರ್ಟ್ ಫೋಟೋಗಳ ಸಣ್ಣ ಸಣ್ಣ ಫೋಲ್ಡರುಗಳನ್ನು ಖಾಲಿ ಮಾಡಿ ಜಾಗ ಬಿಡಿಸುವುದು ನನ್ನ ಕೆಲಸವಾಗಿತ್ತು.

ಆಗ ಸಾಣಾಪುರದಿಂದ ಒಬ್ಬ ತಾಯಿ ಬಂದಳು. ಐದು ವರ್ಷದ ಮಗಳು ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಮನೆಯಲ್ಲಿ ಮಗುವಿನ ಒಂದೂ ಫೋಟೋ ಇಲ್ಲ. ಬೆಳಗಾದರೆ ಭತ್ತದ ನಾಟಿಗೆ ಹೋಗುವವರ ಮನೆ, ಫೋಟೋ ತೆಗೆಸಲು ಪುರುಸೊತ್ತು ಯಾರಿಗಿತ್ತು?

"ನಮ್ಮೂರ ಮದುವಿಗೆ ನೀವ ಬಂದಿದ್ರಿ ಅಲ್ಲ್ರಿ. ನನ್ನ ಮಗಳು ಹಳದಿ ಫ್ರಾಕ್ ಹಾಕ್ಕೊಂಡು ನಿಮ್ಮ ಹಿಂದ ಹಿಂದ ತಿರಗತಿದ್ಲು. ಎಲ್ಲ್ಯರ ಒಂದರಾಗ ಸಿಕ್ಕಾಳೇನು ನೋಡ್ರಿ. ಆಕಿ ಮುಖ ನನಗ ಮರ್ಯಾಕತ್ತೈತಿ" ಎಂದಳು.

ಆ ಕೊನೆಯ ಮಾತಿಗೆ ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. ಆಲ್ಬಮ್ಮಿಗೆ ಹೋಗದೆ ಉಳಿದ ಫೋಟೋಗಳು ಆ ಮದುವೆಯದ್ದೇ ನೂರಾರು ಇದ್ದವು. ನಾಲ್ಕು ದಿನ ಒಂದೊಂದನ್ನೇ ದೊಡ್ಡದು ಮಾಡಿ ಹುಡುಕಿದರು. ಶುಕ್ರವಾರ ಸಿಕ್ಕಿತಂತೆ. ಕಟ್ ಮಾಡಿ ಹೊಸ ಫೋಲ್ಡರಿಗೆ ಹಾಕಿ, ಸೋಮವಾರ ಬರಲು ಸಾಣಾಪುರಕ್ಕೆ ಹೇಳಿಕಳಿಸಿದರು. ಆ ಶುಕ್ರವಾರ ನಾನು ಚಿಕ್ಕಮ್ಮನ ಮಗಳ ನಿಶ್ಚಯಕ್ಕೆಂದು ಯಲಬುರ್ಗಾಕ್ಕೆ ಹೋಗಿದ್ದೆ.

ಶನಿವಾರ ಬಂದವಳೇ ನನ್ನ ಕೆಲಸಕ್ಕೆ ಕೂತೆ. ಅವಸರದಲ್ಲಿ ಒಂದು ಫೋಲ್ಡರಿನ ಹೆಸರಲ್ಲಿ 'ಕೂಸು' ಎಂಬುದಷ್ಟೇ ಕಣ್ಣಿಗೆ ಬಿತ್ತು; ಯಾರದೋ ಮಗುವಿನ ಶಾಲೆಯ ಫೋಟೋ ಇರಬೇಕು, ಪ್ರಿಂಟು ಕೊಟ್ಟಾಗಿದೆ ಎಂದುಕೊಂಡು ಅದನ್ನೂ ಖಾಲಿ ಮಾಡಿದೆ. ಕಸದ ಬುಟ್ಟಿಗೂ ಹಾಕದೆ ನೇರ ಅಳಿಸುವುದು ನನ್ನ ದೊಡ್ಡ ಜಾಣತನ! ಸಂಜೆಯ ಹೊತ್ತಿಗೆ ಆ ಜಾಗದಲ್ಲಿ ಎರಡು ಮದುವೆಗಳನ್ನು ತುಂಬಿಯೂ ಬಿಟ್ಟೆ. ಚಾಚಾಗೆ ಗೊತ್ತಾದ ಮೇಲೆ, ಭಾನುವಾರ ಕೊಪ್ಪಳದಿಂದ ಕಂಪ್ಯೂಟರ್ ರಿಪೇರಿಯವನು ಬಂದು ಅರ್ಧ ದಿನ ಹೆಣಗಾಡಿದ. ಬರೀ ಬೂದು ಪಟ್ಟಿಗಳು ಬಂದವು.

ಸೋಮವಾರ ಆಕೆ ಬಂದಾಗ ನಾನು ಜಲಪಾತ ಬರೆದ ಪರದೆಯ ಹಿಂದೆ ನಿಂತುಬಿಟ್ಟೆ. ಚಾಚಾನ ದನಿ ಕೇಳಿಸಿತು: "ತಪ್ಪು ನಂದೈತಿ ತಾಯಿ. ಸಿಕ್ಕಿದ್ಲು… ನನ್ನ ಕೈಯಿಂದನ ಹೋದ್ಲು."

ನನ್ನ ಹೆಸರು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ, ನನಗೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರ ಸುಮ್ಮನಿರುವಿಕೆ ನನಗೆ ಸಿಟ್ಟು ಬರಿಸುತ್ತಿತ್ತು ಎಂದರೆ ಈಗ ನಾಚಿಕೆಯಾಗುತ್ತದೆ.

ಆ ತಾಯಿ ಆಮೇಲೂ ಸೋಮವಾರ ಸೋಮವಾರ ಬರುತ್ತಿದ್ದಳು. ಫೋಟೋಕ್ಕಾಗಿ ಜಗಳ ತೆಗೆಯಲು ಬರುತ್ತಾಳೆ ಎಂದೇ ತಿಳಿದಿದ್ದೆ. ಬಾಗಿಲಲ್ಲಿ ಅವಳ ಸೀರೆ ಕಂಡರೆ ಸಾಕು, ನಾನು ಹಿಂದಿನ ಬಾಗಿಲಿನಿಂದ ಚಹಾದಂಗಡಿಗೆ ಓಟ. ವಾಪಸ್ ಬರುವಾಗ ಅವಳು ಕಣ್ಣೊರೆಸಿಕೊಳ್ಳುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿರುತ್ತಿದ್ದಳು. ವರ್ಷದೊಳಗೆ ನನಗೆ ಮದುವೆಯಾಗಿ ಅಲ್ಲಿಂದ ಪಾರಾದೆ… ಪಾರಾದೆ ಎಂದುಕೊಂಡೆ.

ಈಗ ನನ್ನ ಅಂಗಡಿಯಲ್ಲಿ ಕೂತು ಫೋಲ್ಡರಿನ ಪ್ರಾಪರ್ಟೀಸ್ ತೆರೆದಾಗ ಗೊತ್ತಾಯಿತು. ಅದು ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಯಾರೂ ಇದನ್ನು ಅಳಿಸಕೂಡದೆಂದು ಚಾಚಾ ತಮ್ಮ ಖಾತೆಯಿಂದಲೇ ಬೀಗ ಹಾಕಿಸಿದ್ದರು. ಆಗ ನೆನಪಾಯಿತು, ಕೊಪ್ಪಳದವನು ಹೊರಡುವ ಮುಂಚೆ ಕೇಳಿದ್ದ, "ಖಾಲಿ ಫೋಲ್ಡರಿಗೆ ಬೀಗ ಯಾಕ್ರಿ ಚಾಚಾ?" ಎಂದು. "ಮತ್ತೊಂದು ಮದುವ್ಯಾಗ ಸಿಕ್ಕರ ಕೂಸನ್ನ ಎಲ್ಲಿ ಇಡೋದಪಾ?" ಎಂದಿದ್ದರು. ಕೊನೆಯವರೆಗೂ ಹುಡುಕಿದ್ದರೋ ಏನೋ. ಸಿಕ್ಕಿರಲಿಲ್ಲ.

ಫೋಲ್ಡರಿನ ಮಾಲೀಕರ ಹೆಸರು ಬದಲಿಸಿ ನನ್ನದನ್ನು ಹಾಕಲು ಐದು ನಿಮಿಷ ಸಾಕಾಯಿತು. ಇನ್ನು ಒತ್ತಿದರೆ ಅಳಿಯುತ್ತಿತ್ತು. ಒತ್ತಲಾಗಲಿಲ್ಲ. ಮರುದಿನ ಅಂಗಡಿ ಮುಚ್ಚಿ ಸಾಣಾಪುರಕ್ಕೆ ಹೋದೆ.

ಆಕೆ ಕೆರೆ ನೋಡಲು ಬರುವವರು ಇಳಿದುಕೊಳ್ಳುವ ಒಂದು ವಸತಿಗೃಹದ ಹಿತ್ತಲಲ್ಲಿ ಹಾಸಿಗೆಯ ಹೊದಿಕೆಗಳನ್ನು ಒಗೆಯುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ಚಾಚಾ ಹೋದ ಸುದ್ದಿ ಅವಳಿಗೆ ಮುಟ್ಟಿತ್ತು. ನಾನು ಯಾರೆಂದು ಹೇಳಿದೆ. ಆಮೇಲೆ ಒಂದೇ ಉಸಿರಿಗೆ, "ಅಕ್ಕಾ, ಆ ಫೋಟೋ ಅಳಸಿದಾಕಿ ನಾನು. ಚಾಚಾ ಅಲ್ಲ" ಎಂದೆ.

ಅವಳು ಕೈಯಲ್ಲಿದ್ದ ಹೊದಿಕೆಯನ್ನು ಹಿಂಡಿ ಬಕೆಟಿಗೆ ಹಾಕಿದಳು.

"ನಾ ಬೈಯಾಕ ಬರತಿದ್ದಿಲ್ಲ ತಂಗಿ, ಕೇಳಾಕ ಬರತಿದ್ದೆ" ಎಂದಳು. "ಫೋಟೋದಾಗ ಹೆಂಗ ನಿಂತಿದ್ಲು, ಯಾವ ಕೈಯಾಗ ಜಿಲೇಬಿ ಇತ್ತು, ಫ್ರಾಕಿನ ಲಾಡಿ ಹೆಂಗ ಬಿಚ್ಚಿತ್ತು, ಎಲ್ಲಾ ಹೇಳತಿದ್ರು. ಎಷ್ಟು ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಲಿಲ್ಲ. ಅವರು ಹೇಳಾಕತ್ತಿದ್ರ ನನಗ ಆಕಿ ಮುಖ ಕಾಣತಿತ್ತು. ಈಗ ಹೇಳವ್ರೂ ಹೋದ್ರು…"

ಇದ್ದಕ್ಕಿದ್ದಂತೆ ಒದ್ದೆ ಕೈಯಲ್ಲೇ ನನ್ನ ಮೊಣಕೈ ಹಿಡಿದಳು. "ನೀನೂ ನೋಡಿದಾಕಿ ಅಲ್ಲ? ಹಂಗಾರ ನೀ ಹೇಳು. ನಗತಿದ್ಲೇನು ನನ್ನ ಮಗಳು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನಗುತ್ತಿದ್ದಳು ಎಂದರೆ ಆಗಿಹೋಗುತ್ತಿತ್ತು. ಆದರೆ ಆ ಕಣ್ಣುಗಳ ಮುಂದೆ ಆಗಲಿಲ್ಲ.

"ಅಳಸೋ ಮುಂದ ನಾ ಅದನ್ನ ತೆರದ ನೋಡಿರಲಿಲ್ಲಕ್ಕಾ" ಎಂದೆ.

ಅವಳು ಕೈ ಬಿಟ್ಟಳು. ಆ ಫೋಟೋ ನೋಡಿದ್ದವರು ಈ ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರೂ ಈಗ ಇಲ್ಲ.