ಸಬ್ಬತ್ ದಿನದ ಹಗ್ಗ

ಆರ್ಡ್‌ವಾನಿ ಊರಿನ ಸರೋವರದ ಅಂಚಿಗೆ ಡೋಲಿನಾಳ ಬಾಡಿಗೆ ಮನೆಯಿದೆ. ಶನಿವಾರ ಶನಿವಾರ ಹೊಸಬರು ಬರುತ್ತಾರೆ, ತಮ್ಮ ಅಡುಗೆ ತಾವೇ ಮಾಡಿಕೊಂಡು ಒಂದು ವಾರವಿದ್ದು ಹೋಗುತ್ತಾರೆ. ಹೋಗುವವರ ಕಾರು ತಿರುವು ದಾಟುವಷ್ಟರಲ್ಲಿ ಡೋಲಿನಾ ಬಕೆಟ್ಟು ಹಿಡಿದು ಒಳಗಿರುತ್ತಾಳೆ. ಬೂದಿ ತೆಗೆದು, ದುಪ್ಪಟಿ ಬದಲಿಸಿ, ತಾನು ಸುಟ್ಟ ಆರು ಓಟ್ಸ್ ರೊಟ್ಟಿ ಮೇಜಿನ ಮೇಲಿಟ್ಟು, ಕಡೆಗೆ ಹಿತ್ತಿಲ ಹಗ್ಗದಲ್ಲಿ ತೂಗುವ ಬಟ್ಟೆ ಕ್ಲಿಪ್ಪಿನ ಚೀಲವನ್ನು ಎತ್ತಿಕೊಂಡು, ದಿಬ್ಬದ ಮೇಲಿನ ತನ್ನ ಮನೆಗೆ ಹೋಗುತ್ತಾಳೆ. ಸೋಮವಾರ ತಂದು ಮತ್ತೆ ತೂಗುಹಾಕುತ್ತಾಳೆ.

ಭಾನುವಾರ ಸಬ್ಬತ್, ಯಾರೂ ಕೆಲಸ ಮಾಡಬಾರದ ದೇವರ ದಿನ. ಅವತ್ತು ಹಗ್ಗದ ಮೇಲೆ ಬಟ್ಟೆ ಹಾರಿದರೆ ಆ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಹಾಗೆಂದು ದುಡ್ಡು ಕೊಟ್ಟು ಬಂದವರಿಗೆ ಒಗೆಯಬೇಡಿ ಎನ್ನುವುದು ಹೇಗೆ? ಆ ಗಾಳಿಗೆ ಕ್ಲಿಪ್ಪಿಲ್ಲದೆ ಕರವಸ್ತ್ರವೂ ನಿಲ್ಲದು. ಹೀಗೆ ಚೀಲ ಎತ್ತಿಟ್ಟು ಇಪ್ಪತ್ತೆರಡು ವರ್ಷದಿಂದ ಬಾಯಿ ಬಿಡದೆ ಕೆಲಸ ನಡೆದಿತ್ತು.

ಆ ಊರಿನಲ್ಲಿ ಚರ್ಚಿಗೆ ಎಲ್ಲರೂ ಹೋಗುತ್ತಾರೆ. ಆದರೆ ವರ್ಷಕ್ಕೆರಡು ಸಲ, ಫೆಬ್ರವರಿಗೊಮ್ಮೆ ಆಗಸ್ಟಿಗೊಮ್ಮೆ, ಕರ್ತನ ಮೇಜು ಹಾಕಿದಾಗ ಮುಂದೆ ಹೋಗಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವವರು ಹದಿನೈದು ಜನ ಮಾತ್ರ. ಉಳಿದವರು ತಾವು ಯೋಗ್ಯರಲ್ಲವೆಂದು ಹಿಂದಿನ ಬೆಂಚಿನಲ್ಲೇ ಮುದುಕರಾಗುತ್ತಾರೆ. ಡೋಲಿನಾಳ ಗಂಡ ಫಿನ್ಲೆ ಹಾಗೆಯೇ ತೀರಿಹೋದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಡೋಲಿನಾ ಧೈರ್ಯ ಮಾಡಿ, ಆಗಸ್ಟಿನ ಒಂದು ಶುಕ್ರವಾರ ಚರ್ಚ್ ಸಭೆಯ ಹಿರಿಯರ ಮುಂದೆ ನಿಂತು "ನಾನೂ ಬರ್ತೀನಿ" ಅಂದಳು. ಅವರು ಮೂರು ಪ್ರಶ್ನೆ ಕೇಳಿ ಒಪ್ಪಿದರು.

ಮೇಜು ಹಾಕುವ ಆ ಭಾನುವಾರ ಅವಳು ಕಪ್ಪು ಕೋಟು ತೊಟ್ಟು ಟೋಪಿಗೆ ಪಿನ್ನು ಚುಚ್ಚುತ್ತಿದ್ದಾಗ ಯಾರೋ ಕದ ತಟ್ಟಿದರು. ತಂದೆಯನ್ನು ಕರೆದುಕೊಂಡು ಬಾಡಿಗೆ ಮನೆಗೆ ಹಿಂದಿನ ದಿನವಷ್ಟೇ ಬಂದಿದ್ದ ಪಾಲಿನ್ ಎಂಬ ಹೆಂಗಸು.

"ತಪ್ಪು ತಿಳ್ಕೋಬೇಡಿ ಅಮ್ಮಾ, ಬಟ್ಟೆ ಕ್ಲಿಪ್ಪಿದ್ಯಾ? ಹುಡುಕಿ ಹುಡುಕಿ ಸಾಕಾಯ್ತು."

"ಏನಾಯ್ತಮ್ಮ?"

"ಅಪ್ಪಂಗೆ ರಾತ್ರಿ ಎರಡು ಸಲ ಹಾಸಿಗೇಲೇ ಆಗ್ಬಿಡ್ತು. ಇದ್ದ ಎರಡು ಜೊತೆ ದುಪ್ಪಟೀನೂ ಒಗ್ದಿದೀನಿ. ಕುರ್ಚಿ ಬಿಟ್ಟು ಏಳ್ತಾ ಇಲ್ಲ. ಯಾರಿಗೂ ಹೇಳ್ಬೇಡ, ಊರಿಗೆ ಹೋಗೋಣ ಅಂತಾರೆ. ಈ ನೀರು ನೋಡ್ಬೇಕಂತ ಎರಡು ವರ್ಷದಿಂದ ಕಾದಿದ್ರು."

ಡೋಲಿನಾಳ ಪೆಟ್ಟಿಗೆಯಲ್ಲಿ ಒಂದು ಜೊತೆ ದುಪ್ಪಟಿ ಇತ್ತು. ಅದನ್ನೇ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಅವಳು ಅದನ್ನು ತೆಗೆದುಕೊಂಡು ತಾನೇ ಇಳಿದುಹೋಗಿ ಹಾಸಿದಳು. ಮುದುಕ ಅಲುಗಲಿಲ್ಲ.

"ಇದನ್ನೂ ಹಾಳ್ಮಾಡ್ತೀನಿ. ಆಮೇಲೆ?"

ನಿಜವೇ. ಒಂದು ಜೊತೆ ಎಷ್ಟು ಹೊತ್ತಿಗೆ?

"ಆಮೇಲೆ ಅವು ಒಣಗಿರ್ತವೆ. ಇಲ್ಲಿನ ಗಾಳಿ ಪಾದ್ರಿ ಟೋಪಿನೇ ಬಿಡಲ್ಲ, ನಿಮ್ಮ ದುಪ್ಪಟಿ ಬಿಟ್ಟೀತೆ? ಏಳಿ ಯಜಮಾನ್ರೇ."

ಮುದುಕನ ಬಾಯಿಯ ಒಂದು ಕೊನೆ ನಕ್ಕಿತು. ಅವನನ್ನು ಎಬ್ಬಿಸಲು ಮಗಳ ಎರಡೂ ಕೈ ಬೇಕಾಯಿತು. ಹಾಗಾಗಿ ಡೋಲಿನಾ ಮನೆಗೆ ಹೋಗಿ ಕ್ಲಿಪ್ಪಿನ ಚೀಲ ತಂದು, ಒದ್ದೆ ಬುಟ್ಟಿ ತಾನೇ ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ಮೂರನೆಯ ದುಪ್ಪಟಿ ಹಾಕುವಾಗ ಮೇಲಿನ ರಸ್ತೆಯಲ್ಲಿ ಚರ್ಚಿಗೆ ಹೊರಟವರು ನಿಂತರು. ಫಿನ್ಲೆಯ ತಂಗಿ ಮರ್ಡೀನಾ, ಅವಳ ಹಿಂದೆ ಸಭೆಯ ಹಿರಿಯ ಯೂವೆನ್.

"ಅತ್ತಿಗೇ! ಇವತ್ತೇನು ಸೋಮವಾರಾನಾ?" ಮರ್ಡೀನಾ ಕೂಗಿದಳು. "ಇಷ್ಟು ವರ್ಷ ಕ್ಲಿಪ್ಪು ಬಚ್ಚಿಟ್ಟೋರು, ಮೇಜಿಗೆ ಬರೋ ದಿನಾನೇ ಹಗ್ಗಕ್ಕೆ ಜೋತುಬಿದ್ರಲ್ಲ!"

"ಬಟ್ಟೆ ಒಣಹಾಕ್ತಿದೀನಿ. ಕಾಣ್ತಿದೆಯಲ್ಲ."

ಯೂವೆನ್ ಬೇಲಿಯ ತನಕ ಇಳಿದು ಬಂದ. "ಡೋಲಿನಕ್ಕಾ, ಅಗತ್ಯದ್ದು, ಕರುಣೇದು ಆದ್ರೆ ಇವತ್ತೂ ಮಾಡಬಹುದು. ಅಂಥದ್ದೇನಾದ್ರೂ ಇದ್ರೆ ಹೇಳಿ. ಉಳಿದ ಹಿರಿಯರಿಗೆ ನಾನು ಹೇಳ್ತೀನಿ."

ಮುದುಕನ ಕಿಟಕಿ ಒಂದು ಗೇಣು ತೆರೆದಿತ್ತು. ಡೋಲಿನಾ ಅದನ್ನು ನೋಡಿದಳು. ಒಂದು ಮಾತು ಸಾಕಿತ್ತು.

"ಹೇಳೋಕೇನಿಲ್ಲಪ್ಪ."

ಯೂವೆನ್ ಕಾದ. "ಹಾಗಾದ್ರೆ ಇವತ್ತು ಮೇಜಿಗೆ..."

"ಗೊತ್ತಾಯ್ತು. ನಡೀರಿ, ಹೊತ್ತಾಗುತ್ತೆ."

ಚರ್ಚಿನಲ್ಲಿ ಪಾದ್ರಿ ಯಾರು ಮೇಜಿಗೆ ಬರಬಾರದು ಎಂದು ಎಣಿಸಿ ಹೇಳಿದರು. ಕೀರ್ತನೆ ಎದ್ದಿತು, ಹದಿನೈದು ಜನ ಮುಂದೆ ಹೋದರು. ಡೋಲಿನಾ ಫಿನ್ಲೆಯ ಬೆಂಚಿನಲ್ಲಿ ಕೂತಿದ್ದಳು. ರೊಟ್ಟಿ ಮುರಿಯುವುದನ್ನು ಅಲ್ಲಿಂದಲೇ ನೋಡಿದಳು. ನಲವತ್ತು ವರ್ಷ ಯಾಕೆ ಹಿಂದೆ ಕೂತೆನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಗೊತ್ತಿತ್ತು.

ಮರಳುವಾಗ ಮರ್ಡೀನಾ ಬಿಡದೆ ಹಿತ್ತಿಲವರೆಗೆ ಬಂದಳು. ಹಗ್ಗವನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದಳು. ನಾಲ್ಕು ದುಪ್ಪಟಿ, ಗಂಡಸಿನ ಎರಡು ಪೈಜಾಮ. ತನ್ನ ತಾಯಿಯನ್ನು ಕಡೆಯ ಮೂರು ವರ್ಷ ನೋಡಿಕೊಂಡವಳು ಅವಳು.

"ವಯಸ್ಸಾದೋರಾ?" ಅಂದಳು, ದನಿ ತಗ್ಗಿಸಿ.

ಡೋಲಿನಾ ಹಗ್ಗದತ್ತ ತಿರುಗಿದಳು. ಒಂದು ದುಪ್ಪಟಿ ಬಿಚ್ಚಿದಳು.

"ಬಾಯಲ್ಲೇನು ಕಡುಬು ಇತ್ತಾ ಅತ್ತಿಗೆ? ಫೆಬ್ರವರಿ ತನಕ ಕಾಯ್ಬೇಕಲ್ಲ ಈಗ."

"ಬದುಕಿದ್ರೆ ಕಾಯ್ತೀನಿ."

"ನಿಮ್ಮಂಥ ಮೊಂಡರು ಬೇಗ ಹೋಗಲ್ಲ ಬಿಡಿ."

ಮರ್ಡೀನಾ ರಸ್ತೆಯ ಎರಡೂ ಕಡೆ ನೋಡಿದಳು. ಆಮೇಲೆ ಕೈಗವಸು ಕಳಚಿ ಜೇಬಿಗೆ ಹಾಕಿ, ದುಪ್ಪಟಿಯ ಇನ್ನೊಂದು ತುದಿ ಹಿಡಿದಳು.

"ಬೇಗ ಮಡಚಿ. ಯೂವೆನ್ ಬರ್ತಿದಾನೆ."